ಬಚ್ಚಲ ಗೋಡೆಗೆ ನೀರಿಳಿದಾಗ

ಬಚ್ಚಲುಮನೆಯಲ್ಲಿ ನೀರು ಮೊದಲು ಕೆಡಿಸುವುದು ನೆಲವನ್ನು, ಆಮೇಲೆ ಗೋಡೆಯ ಬುಡವನ್ನು, ಅದರ ಹಿಂದೆಯೇ ಬಾಗಿಲ ದಾರಂದದ ಕಾಲನ್ನು. ಮನೆಯವರ ಕಣ್ಣಿಗೆ ಬೀಳುವ ಕ್ರಮ ಮಾತ್ರ ಇದಕ್ಕೆ ತಿರುವುಮುರುವು. ಮೊದಲು ಬಾಗಿಲು ಉಬ್ಬಿ ಹಾಕಲು ತೆಗೆಯಲು ಬಿಗಿಯಾಗುತ್ತದೆ. ಬಳಿಕ ಪಕ್ಕದ ಕೋಣೆಯ ಗೋಡೆಯಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ. ಟೈಲು ಕಾಲಡಿಯಲ್ಲಿ ಅಲುಗುವುದು ಎಷ್ಟೋ ತಿಂಗಳ ಮೇಲೆ. ಹಾಗಾಗಿ ರಿಪೇರಿಯೂ ತಲೆಕೆಳಗಾಗಿಯೇ ಶುರುವಾಗುತ್ತದೆ. ಬಾಗಿಲನ್ನು ಬಡಗಿಯ ಕೈಲಿ ಕೀಸಿಸುತ್ತಾರೆ, ಗೋಡೆಗೆ ಪುಟ್ಟಿ ಬಳಿದು ಬಣ್ಣ ಹೊಡೆಸುತ್ತಾರೆ, ನೆಲ ಒಡೆಯುವ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಅಷ್ಟು ಹೊತ್ತೂ ನೀರು ತನ್ನ ಕೆಲಸ ನಿಲ್ಲಿಸಿರುವುದಿಲ್ಲ.

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿ, ಅದರ ಸುತ್ತಿನ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಈ ತೊಂದರೆಗೆ ತನ್ನದೇ ಒಂದು ರೂಪವಿದೆ. ಇದು ಮಳೆ ಹೆಚ್ಚಿರುವ ನಾಡಲ್ಲ. ಗೋಡೆಗೆ ತೇವ ಬರುವುದು ಮಳೆಯಿಂದ ಅನ್ನುವುದಕ್ಕಿಂತ ಮನೆಯೊಳಗೆ ಬಳಸುವ ನೀರಿನಿಂದ. ಗೋಡೆಗಳಾದರೂ ಎರಡು ಕಾಲದವು: ಮುಂದಿನ ಹಳೆಯ ಮನೆಗೆ ಮಣ್ಣಿನ ಗೋಡೆ ಅಥವಾ ಹಸಿ ಇಟ್ಟಿಗೆಯ ಗೋಡೆ, ಅದಕ್ಕೆ ತಾಗಿಸಿ ಕಟ್ಟಿದ ಹೊಸ ಬಚ್ಚಲಿಗೆ ಸಿಮೆಂಟು, ಟೈಲು, ಆರ್‌ಸಿಸಿ. ಹಾಳಾಗುವ ಜಾಗ ಬಹುಮಟ್ಟಿಗೆ ಇವೆರಡೂ ಕೂಡುವ ಕಡೆಯಲ್ಲೇ ಇರುತ್ತದೆ.

ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಿಲ ಕಡೆಗೆ ಇರುತ್ತಿತ್ತು. ಒಂದು ಮೂಲೆಯಲ್ಲಿ ಹಂಡೆ ಒಲೆ, ಪಕ್ಕದಲ್ಲಿ ನೀರಿನ ತೊಟ್ಟಿ, ಮೀಯುವ ಜಾಗಕ್ಕೆ ವಾರೆಯಾಗಿ ಹಾಸಿದ ಕಲ್ಲುಚಪ್ಪಡಿ. ಚಪ್ಪಡಿಯ ಸಂದಿಗೆ ಸುಣ್ಣದ ಗಾರೆ, ಗೋಡೆಯ ಬುಡದಲ್ಲಿ ನೀರು ಹೋಗಲು ಒಂದು ತೂತು. ಅಲ್ಲಿಂದ ಹೊರಬಿದ್ದ ನೀರು ನೇರ ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ಸೇರುತ್ತಿತ್ತು. ಈ ಏರ್ಪಾಟಿನಲ್ಲಿ ಜಲನಿರೋಧಕ ಎನ್ನುವಂಥದ್ದು ಏನೂ ಇರಲಿಲ್ಲ. ಆದರೂ ಗೋಡೆ ನಿಂತಿತ್ತು. ಬಾವಿಯಿಂದ ಸೇದಿ ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಚೆಲ್ಲಿದ್ದೂ ನಿಲ್ಲದೆ ಹರಿದುಹೋಗುತ್ತಿತ್ತು. ದಿನಾ ಬೆಳಗ್ಗೆ ಸೋಗೆ, ಮಟ್ಟೆ, ಚಿಪ್ಪು ಉರಿಯುವ ಒಲೆ ಇಡೀ ಬಚ್ಚಲನ್ನು ಕಾಯಿಸಿ ಒಣಗಿಸುತ್ತಿತ್ತು, ಹೆಂಚಿನ ಸಂದಿಗಳಿಂದ ಹೊಗೆಯೂ ಹಬೆಯೂ ಆಚೆ ಹೋಗುತ್ತಿದ್ದವು. ಗೋಡೆ ನೆನೆದರೂ ಸಂಜೆಯೊಳಗೆ ಆರುತ್ತಿತ್ತು.

ಈಗ ಇದೆಲ್ಲ ಬದಲಾಗಿದೆ. ಕೊಳವೆಬಾವಿಯ ಮೋಟರು, ಚಾವಣಿಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಮೊದಲು ಬಂದವು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಮನೆ ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಸಿಕ್ಕಿತು. ಇದ್ದ ಗೋಡೆಗೇ ತಾಗಿಸಿ ಕಟ್ಟಿದರೆ ಒಂದು ಗೋಡೆಯ ಖರ್ಚು ಉಳಿಯುತ್ತದೆಂದು ಬಹಳ ಮಂದಿ ಹಾಗೇ ಮಾಡಿದರು. 2019ರ ಜಲಜೀವನ್ ಮಿಷನ್, ಅಂದರೆ ನಮ್ಮ ರಾಜ್ಯದ ‘ಮನೆ ಮನೆಗೆ ಗಂಗೆ’, ತಲೆಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿದೆ. ಐದು ಜನರ ಮನೆಗೆ ಅದು 275 ಲೀಟರ್. ಅದರಲ್ಲಿ ಬಹುಪಾಲು ಬಚ್ಚಲಿನಲ್ಲೇ ಸುರಿಯುತ್ತದೆ. ಹಂಡೆ ಹೋಗಿ ಗೀಸರ್ ಬಂದ ಮೇಲೆ ಬಚ್ಚಲನ್ನು ಒಣಗಿಸುವ ಬೆಂಕಿಯೂ ಇಲ್ಲ. ನೀರು ಹೆಚ್ಚಿತು, ಗಾಳಿ ಕಡಿಮೆಯಾಯಿತು, ಗೋಡೆ ಮಾತ್ರ ಅದೇ ಮಣ್ಣಿನದು. ಇದಕ್ಕೆ ಟೈಲನ್ನೋ ಸಿಮೆಂಟನ್ನೋ ದೂರುವುದು ನ್ಯಾಯವಲ್ಲ. ಅವನ್ನು ಯಾವುದರ ಮೇಲೆ, ಯಾವ ಹದದಲ್ಲಿ ಕೂಡಿಸಿದರು ಎಂಬುದರಲ್ಲಿ ಎಡವಟ್ಟಿದೆ.

ಒಣಗಿದ ಮಣ್ಣಿನ ಗೋಡೆ ಗಟ್ಟಿ. ಎರಡು ತಲೆಮಾರು ಅಟ್ಟವನ್ನೂ ಚಾವಣಿಯನ್ನೂ ಹೊತ್ತ ಗೋಡೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಅದರ ಕಣಗಳನ್ನು ಹಿಡಿದಿಟ್ಟಿರುವುದು ಜೇಡಿ. ಜೇಡಿ ನೆನೆದರೆ ಮೆತ್ತಗಾಗುತ್ತದೆ. ಬುಡಕ್ಕೆ ಸೇರಿದ ನೀರು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲಕ್ಕೆ ಏರುತ್ತದೆ. ಸಾಮಾನ್ಯವಾಗಿ ಸೊಂಟದೆತ್ತರದವರೆಗೆ, ಅಂದರೆ ಸುಮಾರು ಮೂರಡಿ. ಹೀಗೆ ಏರಿದ ತೇವ ಗೋಡೆಯ ಎರಡೂ ಮುಖಗಳಿಂದ ಆರಿಹೋದರೆ ಚಿಂತೆಯಿಲ್ಲ. ಬಚ್ಚಲ ಕಡೆ ಟೈಲು, ಕೋಣೆಯ ಕಡೆ ಸಿಮೆಂಟ್ ಪ್ಲಾಸ್ಟರು, ಅದರ ಮೇಲೆ ಎಣ್ಣೆ ಬಣ್ಣ ಆದರೆ ತೇವಕ್ಕೆ ಆಚೆ ಹೋಗಲು ದಾರಿಯಿಲ್ಲ. ಅದು ಇನ್ನೂ ಮೇಲೇರುತ್ತದೆ. ಸಿಮೆಂಟ್ ಪ್ಲಾಸ್ಟರು ಮಣ್ಣಿಗೆ ಸರಿಯಾಗಿ ಕಚ್ಚಿಕೊಳ್ಳುವುದೂ ಇಲ್ಲ. ಒಳಗಿನ ಮಣ್ಣು ಉದುರಿ ಪ್ಲಾಸ್ಟರು ಮಾತ್ರ ಹೊರಗೆ ತೆಳ್ಳನೆಯ ಬಿಲ್ಲೆಯಾಗಿ ನಿಂತಿರುತ್ತದೆ. ಹೊರಗಿನಿಂದ ನೋಡುವವರಿಗೆ ಗೋಡೆ ಚೆನ್ನಾಗಿಯೇ ಇದೆ.

ಕೊಳವೆಬಾವಿಯ ಗಡಸು ನೀರು ಇದಕ್ಕೆ ಉಪ್ಪನ್ನೂ ಸೇರಿಸುತ್ತದೆ. ನೀರು ಗೋಡೆಯ ಮುಖದಲ್ಲಿ ಆವಿಯಾದಾಗ ಅದರಲ್ಲಿ ಕರಗಿದ್ದ ಲವಣ ಅಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಪ್ಲಾಸ್ಟರನ್ನು ಒಳಗಿನಿಂದ ತಳ್ಳಿ ಪುಡಿ ಮಾಡುತ್ತದೆ. ಗೋಡೆಯ ಮೇಲೆ ಬೆಳ್ಳಗೆ ಹೂವಿನಂತೆ ಎದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸಿ ಸುಣ್ಣ ಬಳಿದರೆ ಒಂದೆರಡು ತಿಂಗಳಲ್ಲಿ ಮತ್ತೆ ಅದೇ. ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕಿನ ಗೋಡೆಗಳೂ ಹೀಗೆ ಉಪ್ಪು ಬಿಡುತ್ತವೆ; ಆದರೆ ಅವು ಕರಗುವುದಿಲ್ಲ.

ಮರದ ಕಥೆ ಬೇರೆ. ಈ ಕಡೆಯ ಮನೆಗಳಲ್ಲಿ ಗೋಡೆಯೇ ಭಾರ ಹೊರುತ್ತದೆ, ಗೋಡೆಯೊಳಗೆ ಮರದ ಚೌಕಟ್ಟು ಇರುವುದಿಲ್ಲ. ಮರವಿರುವುದು ದಾರಂದ, ಬಾಗಿಲು, ತೊಲೆ, ಅಟ್ಟದಲ್ಲಿ. ಮರದೊಳಗಿನ ತೇವಾಂಶ ಶೇ 20ರ ಒಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಅದನ್ನು ದಾಟಿ 28–30ಕ್ಕೆ ಬಂತೆಂದರೆ ಕೊಳೆಯುವುದು ಶುರು. ದಾರಂದದ ಕಾಲು ನೆಲದ ಸಿಮೆಂಟಿನೊಳಗೆ ಹೂತಿರುವುದರಿಂದ ಅದರ ಕಡಿದ ತುದಿ ಸದಾ ನೀರು ಹೀರುತ್ತಲೇ ಇರುತ್ತದೆ. ಕೊಳೆತ ಮರಕ್ಕೆ ಗೆದ್ದಲು ಬರಲು ತಡವಿಲ್ಲ. ತೆಂಗಿನ ಸೀಮೆಯಲ್ಲಿ ತೊಲೆಗೂ ಗಳುವಿಗೂ ತೆಂಗಿನ ಮರವನ್ನೇ ಬಳಸಿರುವುದು ಸಾಮಾನ್ಯ. ತೆಂಗಿನ ಚೇಗು ಹೊರಗಿದೆ, ತಿರುಳು ಒಳಗೆ ಮೆತ್ತಗಿದೆ. ತೇಗ, ಹಲಸುಗಳಲ್ಲಿ ಇದು ತದ್ವಿರುದ್ಧ. ಬಲಿತ ತೆಂಗಿನ ಮರದ ಹೊರಭಾಗ ಚಾವಣಿಯಡಿ ಒಣಗಿದ್ದರೆ ದಶಕಗಟ್ಟಲೆ ಬಾಳುತ್ತದೆ, ತೇವದ ಗೋಡೆಯಲ್ಲಿ ತುದಿ ಹೂತರೆ ಒಳಗಿನಿಂದ ಟೊಳ್ಳಾಗುತ್ತದೆ.

ಅಟ್ಟದ ಮಾತು ಇಲ್ಲಿ ಬಿಡುವಂತಿಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಇಡುತ್ತಾರೆ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಕೊಬ್ಬರಿ ಹೀಗೇ ಆಗುವುದು. ಸಿಪ್ಪೆ ಸಹಿತ ಒಂದು ಕಾಯಿ ಒಂದು ಕಿಲೋ ಆಸುಪಾಸು ಎಂದರೂ ಸಾವಿರ ಕಾಯಿಗೆ ಒಂದು ಟನ್ ಭಾರ. ಆ ಭಾರ ತೊಲೆಯ ಮೂಲಕ ಇಳಿಯುವುದು ಗೋಡೆಗೆ. ಬಚ್ಚಲಿನ ಪಕ್ಕದ ಗೋಡೆಯೇ ಅಟ್ಟವನ್ನು ಹೊತ್ತಿದ್ದು, ಅದರ ಬುಡ ನೆನೆದು ಮೆತ್ತಗಾಗಿದ್ದರೆ, ಅದು ಸೌಂದರ್ಯದ ಪ್ರಶ್ನೆಯಲ್ಲ, ಗೋಡೆ ಕೂರುವ ಪ್ರಶ್ನೆ. ಗೋಡೆಯಲ್ಲಿ ಓರೆಯಾಗಿ ಬಿರುಕು ಕಂಡರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ, ತೊಲೆಯ ಕೆಳಗೆ ಮಣ್ಣು ಉದುರುತ್ತಿದ್ದರೆ ಮೊದಲು ಕಾಯಿ ಇಳಿಸಬೇಕು, ಮಿಕ್ಕಿದ್ದೆಲ್ಲ ಆಮೇಲೆ. ತೇವದ ಗೋಡೆಯ ಪಕ್ಕ ಕೊಬ್ಬರಿಗೆ ಬೂಷ್ಟು ಹಿಡಿಯುವ ನಷ್ಟ ಬೇರೆ.

ನೀರು ಎಲ್ಲಿಂದ?

ಒಡೆಯುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ದಾರಿಗಳು ಕೆಲವೇ: ಗೋಡೆಯೊಳಗಿನ ನಲ್ಲಿ ಪೈಪು, ನೆಲದ ಟೈಲಿನ ಸಂದಿ, ನೀರು ಹೋಗುವ ಕಡೆ ಇರುವ ನಹಾನಿ ಟ್ರ್ಯಾಪಿನ ಸುತ್ತ, ಹೊರಗಿನ ಮೋರಿ, ಮೇಲಿನ ಚಾವಣಿ. ಕೆರೆಯಂಚಿನ ಊರುಗಳಲ್ಲಿ ಕೆರೆ ತುಂಬಿದ ವರ್ಷ ನೆಲದಡಿಯಿಂದಲೂ ತೇವ ಬರಬಹುದು.

ಪೈಪನ್ನು ಪರೀಕ್ಷಿಸುವುದು ಸುಲಭ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಬೇಕು. ಬೆಳಗ್ಗೆ ಮಟ್ಟ ಇಳಿದಿದ್ದರೆ ನೀರು ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿನ ವಾಲ್ವು ಸೋರಿದರೂ ಮಟ್ಟ ಇಳಿಯುವುದರಿಂದ ಅದರ ನಲ್ಲಿಯನ್ನೂ ಮುಚ್ಚಿರಬೇಕು. ನೆಲಕ್ಕೆ ಬೇರೆ ಪರೀಕ್ಷೆ: ಟ್ರ್ಯಾಪಿನ ಬಾಯಿಗೆ ಬಟ್ಟೆಯ ಉಂಡೆ ತುರುಕಿ, ಬಾಗಿಲಿಗೆ ಮಣ್ಣಿನದೋ ಸಿಮೆಂಟಿನದೋ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ ಇಡೀ ದಿನ ಬಿಡುವುದು. ನೀರಿಗೆ ಬಟ್ಟೆಯ ನೀಲಿ ಬೆರೆಸಿದರೆ ಅದು ಪಕ್ಕದ ಗೋಡೆಯಲ್ಲೋ ಹೊರಗಿನ ಪಾಯದಲ್ಲೋ ಮೂಡಿ ದಾರಿ ತೋರಿಸುತ್ತದೆ. ಮಣ್ಣಿನ ಗೋಡೆಯ ಬಚ್ಚಲಿಗೆ ಈ ನೀರು ನಿಲ್ಲಿಸುವ ಪರೀಕ್ಷೆ ಬೇಡ. ಇರುವ ಗೋಡೆಯೂ ಕರಗೀತು.

ಗೋಡೆಯ ತೇವ ಒಳಗಿನದೋ, ಬರೀ ಸ್ನಾನದ ಹಬೆ ಕೂತದ್ದೋ ಎಂಬ ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಬಿಗಿದು ಒಂದು ದಿನ ಬಿಡಬೇಕು. ಹನಿ ಹಾಳೆಯ ಹಿಂಬದಿಯಲ್ಲಿ ಕಟ್ಟಿದರೆ ಗೋಡೆಯೊಳಗೆ ನೀರಿದೆ, ಮುಂಬದಿಯಲ್ಲಿ ಕಟ್ಟಿದರೆ ಗಾಳಿಯಾಡಲು ಕಿಟಕಿ ಸಾಲದು. ಟೈಲುಗಳನ್ನು ಕರಣೆಯ ಹಿಡಿಯಿಂದ ಒಂದೊಂದಾಗಿ ತಟ್ಟುತ್ತ ಹೋದರೆ ಟೊಳ್ಳು ಸದ್ದು ಬರುವ ಕಡೆ ಅಡಿಯ ಗಾರೆ ಬಿಟ್ಟಿದೆ ಎಂದರ್ಥ. ಸೀಮೆಸುಣ್ಣದಿಂದ ಗುರುತು ಹಾಕಿದರೆ ಹಾನಿಯ ನಕ್ಷೆಯೇ ಸಿಗುತ್ತದೆ. ದಾರಂದದ ಕಾಲಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಬಣ್ಣದ ಕೆಳಗೆ ಮೊನೆ ಸಲೀಸಾಗಿ ಇಳಿದರೆ ಮರ ಉಳಿದಿಲ್ಲ.

ಒಡೆಯುವುದು, ಒಣಗಿಸುವುದು

ಕೆಲಸಕ್ಕೆ ಹೊಂದುವ ಕಾಲ ಜನವರಿಯಿಂದ ಏಪ್ರಿಲ್. ಬಿಸಿಲೂ ಒಣಗಾಳಿಯೂ ಇರುತ್ತವೆ. ಮೊದಲು ನೀರನ್ನೂ ಗೀಸರಿನ ಕರೆಂಟನ್ನೂ ಕಡಿಯಬೇಕು. ನೆನೆದ ಗೋಡೆಯಲ್ಲಿ ವೈರು ಹೋಗಿದ್ದರೆ ಮೈನ್ ಸ್ವಿಚ್ಚನ್ನೇ ಆಫ್ ಮಾಡದೆ ಚಾಣ ಹಿಡಿಯುವುದು ಅಪಾಯ.

ಟೊಳ್ಳಾದ ಟೈಲನ್ನಷ್ಟೇ ಕಿತ್ತು ಹೊಸದನ್ನು ಕೂರಿಸುವುದು ಅಗ್ಗದ ದಾರಿ. ನೆಲದ ಒಂದೆರಡು ಟೈಲು ಮಾತ್ರ ಎದ್ದಿದ್ದು, ಅಡಿ ಒಣಗಿದ್ದರೆ ಅದು ಸರಿಯೇ. ಅಡಿ ಹಸಿಯಾಗಿದ್ದರೆ ಪೂರ್ತಿ ತೆಗೆಯುವುದು ಒಳ್ಳೆಯದು. ಟೈಲು, ಅದರಡಿಯ ಗಾರೆ, ನೆನೆದ ಮಣ್ಣು ಇವನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ಎತ್ತಬೇಕು. ಬಚ್ಚಲ ನೆಲ ಕುಸಿಯುವ ಮನೆಗಳಲ್ಲಿ ಬಹಳ ಸಲ ಕಾಣುವುದು ದಿಮ್ಮಸು ಹಾಕದೆ ತುಂಬಿದ ಮಣ್ಣು. ಪಾಯ ತೆಗೆದ ಮಣ್ಣನ್ನೇ ಒಳಗೆ ಸುರಿದು ಮೇಲೆ ಕಾಂಕ್ರೀಟು ಹಾಕಿರುತ್ತಾರೆ. ನೀರು ಇಳಿದಾಗ ಮಣ್ಣು ಕೂರುತ್ತದೆ, ಕಾಂಕ್ರೀಟು ಗಾಳಿಯಲ್ಲಿ ನಿಂತು ಬಿರಿಯುತ್ತದೆ.

ಗೋಡೆಯಲ್ಲಿ ಸಿಮೆಂಟ್ ಪ್ಲಾಸ್ಟರನ್ನು ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ, ಎರಡೂ ಕಡೆ ಕಿತ್ತು ಗೋಡೆಯನ್ನು ಬರಿದು ಮಾಡಬೇಕು. ಆಮೇಲೆ ಕಾಯುವುದು. ಈ ಹಂತದಲ್ಲೇ ಮನೆಯವರ ತಾಳ್ಮೆ ಕೆಡುವುದು. ದಪ್ಪ ಗೋಡೆ ಒಣಗಲು ಒಂದು ಇಂಚಿಗೆ ಸುಮಾರು ಒಂದು ತಿಂಗಳು ಎಂಬ ಲೆಕ್ಕ ಕಟ್ಟಡದವರಲ್ಲಿದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಎರಡೂ ಬದಿಯಿಂದ ಆರಿದರೂ ಒಂಬತ್ತು ತಿಂಗಳಾಯಿತು. ಅಷ್ಟು ದಿನ ಬಚ್ಚಲಿಲ್ಲದೆ ಇರಲಾಗುವುದಿಲ್ಲ. ನಡುವಿನ ದಾರಿಯೆಂದರೆ ನೆಲದ ಕೆಲಸ ಮುಗಿಸಿ, ಕೋಣೆಯ ಕಡೆಯ ಗೋಡೆಯನ್ನು ಒಂದು ಬೇಸಿಗೆಯಾದರೂ ಬರಿದಾಗಿ ಬಿಡುವುದು. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಒದ್ದೆ ಗೋಡೆಗೆ ಹಚ್ಚಿದ ಯಾವ ಪುಟ್ಟಿಯೂ ಎರಡನೇ ದೀಪಾವಳಿ ಕಾಣುವುದು ಅಪರೂಪ.

ಗೋಡೆಯ ಬುಡ

ಬುಡದ ಮಣ್ಣು ಪೂರ್ತಿ ಕೆಟ್ಟಿದ್ದರೆ ಅದನ್ನು ತೆಗೆದು ಬೇರೆ ಕಟ್ಟಬೇಕು. ಇದು ಅನುಭವಿ ಮೇಸ್ತ್ರಿಯ ಕೆಲಸ. ಅಟ್ಟ ಖಾಲಿ ಮಾಡಿ, ತೊಲೆಗಳಿಗೆ ಗಟ್ಟಿ ಮರದ ಊರೆ ಕೊಟ್ಟು, ಊರೆಯ ಅಡಿಗೆ ಹಲಗೆ ಹಾಕಿ ಬಿಗಿ ಮಾಡಿದ ಮೇಲಷ್ಟೇ ಗೋಡೆಗೆ ಹಾರೆ ಹಾಕಬೇಕು. ಒಂದೇ ಸಲಕ್ಕೆ ಉದ್ದಕ್ಕೂ ತೆಗೆಯುವಂತಿಲ್ಲ. ಎರಡು ಮೂರು ಅಡಿಯ ತುಂಡು ತೆಗೆದು, ಮುಂದಿನ ಅಷ್ಟನ್ನು ಬಿಟ್ಟು, ಅದರಾಚೆಯದನ್ನು ತೆಗೆಯುತ್ತಾರೆ. ತೆಗೆದ ಕಡೆ ಸೈಜುಗಲ್ಲಿನಿಂದಲೋ ಗಟ್ಟಿ ಇಟ್ಟಿಗೆಯಿಂದಲೋ ಒಂದಕ್ಕೆ ಆರರ ಸಿಮೆಂಟ್ ಗಾರೆಯಲ್ಲಿ ಕಟ್ಟಿ, ಮೇಲಿನ ಹಳೆಯ ಗೋಡೆಗೂ ಹೊಸದಕ್ಕೂ ನಡುವೆ ಉಳಿದ ಸಂದಿಗೆ ಕಲ್ಲಿನ ಚಕ್ಕೆ ಬಡಿದು ಬಿಗಿ ಮಾಡಬೇಕು. ಕಟ್ಟಿದ್ದು ಒಂದು ವಾರ ಗಟ್ಟಿಯಾದ ಮೇಲೆ ನಡುವೆ ಬಿಟ್ಟ ತುಂಡುಗಳ ಸರದಿ. ಹೊಸ ಬುಡ ನೆಲಮಟ್ಟದಿಂದ ಒಂದೂವರೆ ಅಡಿಯಾದರೂ ಮೇಲೆ ಬರಲಿ. ಅದರ ತಲೆಗೆ ಜಲನಿರೋಧಕ ಬೆರೆಸಿದ ಸಿಮೆಂಟ್ ಗಾರೆಯ ತೆಳು ಪಟ್ಟಿಯನ್ನೋ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಕೊಟ್ಟರೆ ತೇವ ಮೇಲಕ್ಕೆ ದಾಟುವುದಿಲ್ಲ.

ಮಣ್ಣನ್ನು ಬಿಡಲು ಮನಸ್ಸಿಲ್ಲದವರಿಗೆ ಇದೇ ಜಿಲ್ಲೆಯಲ್ಲಿ ಬೆಳೆದ ಒಂದು ವಿದ್ಯೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತನ್ನ ಪ್ರಯೋಗಗಳನ್ನು ನಡೆಸಿತು. ಅಲ್ಲಿನ ಕೆ. ಎಸ್. ಜಗದೀಶ್ ಮತ್ತಿತರರು ರೂಢಿಗೆ ತಂದ ಮಣ್ಣಿನ ಬ್ಲಾಕಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸುತ್ತಾರೆ. ಸುಡುವ ಕೆಲಸವಿಲ್ಲ. ನೆನೆದಾಗ ಇದರ ಬಲವೂ ಕುಗ್ಗುತ್ತದೆ, ಆದರೆ ಹಸಿ ಇಟ್ಟಿಗೆಯಂತೆ ಕರಗಿ ಹೋಗುವುದಿಲ್ಲ. ಬುಡಕ್ಕೆ ಕಲ್ಲು, ಮೇಲಕ್ಕೆ ಈ ಬ್ಲಾಕು ಎನ್ನುವುದು ಒಳ್ಳೆಯ ಜೋಡಿ.

ಉಳಿದ ಮಣ್ಣಿನ ಗೋಡೆಗೆ ಕೋಣೆಯ ಕಡೆ ಸುಣ್ಣದ ಗಾರೆ ಹಾಕುವುದೇ ಸೂಕ್ತ. ಸುಣ್ಣದ ಮೂಲಕ ಆವಿ ಹೊರಹೋಗುತ್ತದೆ. ಬಚ್ಚಲ ಕಡೆ ಟೈಲೇ ಬೇಕೆಂದರೆ ಮಣ್ಣಿನ ಗೋಡೆಗೆ ನೇರ ಅಂಟಿಸದೆ, ಅದರಿಂದ ಒಂದಿಂಚು ಬಿಟ್ಟು ನಾಲ್ಕಿಂಚಿನ ಇಟ್ಟಿಗೆ ಗೋಡೆಯೊಂದನ್ನು ಆರಡಿ ಎತ್ತರ ಎಬ್ಬಿಸಿ ಅದಕ್ಕೆ ಟೈಲು ಹಾಕಬೇಕು. ಬಚ್ಚಲು ಐದಿಂಚು ಕಿರಿದಾಗುತ್ತದೆ. ಹಳೆಯ ಗೋಡೆ ಉಳಿಯುತ್ತದೆ.

ದಾರಂದದ ಕಾಲು ಒಂದಡಿಯಷ್ಟೇ ಕೆಟ್ಟಿದ್ದರೆ ಇಡೀ ದಾರಂದ ಕೀಳಬೇಕಿಲ್ಲ. ಕೊಳೆತ ಭಾಗದ ಮೇಲೆ ಅರ್ಧ ಅಡಿ ಒಳ್ಳೆಯ ಮರವೂ ಸೇರಿ ಕೊಯ್ದು, ಅರ್ಧರ್ಧ ಕಚ್ಚು ಮಾಡಿ ಹಲಸಿನದೋ ಬೇವಿನದೋ ಹೊಸ ತುಂಡನ್ನು ಅಂಟು, ಬೋಲ್ಟುಗಳಿಂದ ಕೂಡಿಸುತ್ತಾರೆ. ಈ ತುಂಡು ನೆಲಕ್ಕೆ ತಾಗದೆ ಎರಡಿಂಚು ಎತ್ತರದ ಕಲ್ಲಿನ ಮೇಲೆ ನಿಲ್ಲಬೇಕು; ಕಡಿದ ತುದಿಗೆ ಬಣ್ಣವನ್ನೋ ಎಪಾಕ್ಸಿಯನ್ನೋ ಮೊದಲೇ ಹಚ್ಚಿರಬೇಕು. ಪೂರ್ತಿ ಹೋಗಿದ್ದರೆ ಕಲ್ಲಿನ ಅಥವಾ ಸಿಮೆಂಟಿನ ಚೌಕಟ್ಟು, ಪಿವಿಸಿ ಬಾಗಿಲು ಸಾಕು. ಬಚ್ಚಲ ಬಾಗಿಲಿಗೆ ತೇಗ ಹಾಕಿಸುವುದು ಅಂತಸ್ತಿನ ಮಾತಷ್ಟೇ. ಗೆದ್ದಲಿನ ಔಷಧವನ್ನು ಅದರ ಕೆಲಸ ಬಲ್ಲವರಿಗೇ ಬಿಡಬೇಕು. ಹಿತ್ತಿಲಲ್ಲಿ ಬಾವಿಯೋ ಕೊಳವೆಬಾವಿಯೋ ಇರುವ ಮನೆಯಲ್ಲಂತೂ ಕೈಗೆ ಬಂದಂತೆ ಸುರಿಯಬಾರದು.

ಹೊಸ ನೆಲ

ಗಟ್ಟಿ ಮಣ್ಣು ಸಿಕ್ಕ ಮೇಲೆ ಗ್ರಾವಲ್ ಹಾಕಿ, ನೀರು ಚಿಮುಕಿಸಿ, ನಾಲ್ಕು ನಾಲ್ಕು ಇಂಚಿನ ಪದರಗಳಲ್ಲಿ ದಿಮ್ಮಸು ಬಡಿಯಬೇಕು. ಅದರ ಮೇಲೆ ಒಂದಕ್ಕೆ ನಾಲ್ಕು ಮರಳು, ಎಂಟು ಜಲ್ಲಿಯ ಕಾಂಕ್ರೀಟು ನಾಲ್ಕಿಂಚು. ಟ್ರ್ಯಾಪನ್ನೂ ಪೈಪನ್ನೂ ಈಗಲೇ ಕೂರಿಸಬೇಕು. ಟ್ರ್ಯಾಪಿನಲ್ಲಿ ಸದಾ ಎರಡಿಂಚು ನೀರು ನಿಲ್ಲುವಂತಿದ್ದರೆ ಮೋರಿಯ ವಾಸನೆಯೂ ಜಿರಳೆಯೂ ಒಳಗೆ ಬರುವುದಿಲ್ಲ. ಪೈಪು ಗೋಡೆ ದಾಟುವ ಕಡೆ ಸುತ್ತಲೂ ಗಾರೆ ತುಂಬಿ ಬಿಗಿಮಾಡದಿದ್ದರೆ ಮುಂದಿನ ಸೋರಿಕೆ ಅಲ್ಲಿಂದಲೇ.

ವಾರೆ ಕೊಡಬೇಕಾದದ್ದು ಟೈಲಿಗಲ್ಲ, ಅದರಡಿಯ ಗಾರೆಗೆ. ಐದಡಿಗೆ ಒಂದಿಂಚು ಇಳಿಜಾರು ಸಾಕು. ರಸಮಟ್ಟ ಇಟ್ಟು ನಾಲ್ಕೂ ಮೂಲೆಯಿಂದ ಟ್ರ್ಯಾಪಿನ ಕಡೆಗೆ ನೋಡಬೇಕು. ಬಚ್ಚಲ ನೆಲ ಪಕ್ಕದ ಕೋಣೆಯ ನೆಲಕ್ಕಿಂತ ಒಂದಿಂಚು ತಗ್ಗಿರಲಿ. ಈ ಗಾರೆ ಒಂದಕ್ಕೆ ನಾಲ್ಕರದು. ಅದಕ್ಕೆ ಬೆರೆಸುವ ಜಲನಿರೋಧಕ ದ್ರಾವಣದ ಪ್ರಮಾಣ ಡಬ್ಬದ ಮೇಲೆ ಬರೆದಿರುತ್ತದೆ, ಹಲವು ಬಗೆಗಳಲ್ಲಿ 50 ಕೆ.ಜಿ. ಚೀಲಕ್ಕೆ 200 ಮಿಲಿಲೀಟರ್. ಹೆಚ್ಚು ಸುರಿದರೆ ಹೆಚ್ಚು ಗಟ್ಟಿ ಎಂಬುದು ತಪ್ಪು ತಿಳಿವಳಿಕೆ. ನೆಲವೂ ಗೋಡೆಯೂ ಕೂಡುವ ಮೂಲೆಯನ್ನು ಚೂಪಾಗಿ ಬಿಡದೆ ಎರಡಿಂಚು ಗೋಲಾ ಎಳೆಯಬೇಕು. ಬಿರುಕು ಮೊದಲು ಬಿಡುವ ಜಾಗ ಅದು.

ಏಳು ದಿನ ನೀರುಣಿಸಿದ ಮೇಲೆ ಜಲನಿರೋಧಕ ಲೇಪ. ಸಿಮೆಂಟಿಗೆ ಪಾಲಿಮರ್ ದ್ರಾವಣ ಬೆರೆಸಿ ಹಚ್ಚುವ ಬಗೆ ಈಗ ಪೇಟೆಗಳಲ್ಲೆಲ್ಲ ಸಿಗುತ್ತದೆ. ಮೊದಲ ಕೋಟು ಉದ್ದಕ್ಕೆ, ಆರಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಯ ಮೇಲೆ ಒಂದಡಿ, ಷವರ್ ಇರುವ ಕಡೆ ಆರಡಿ ಎತ್ತರ. ಟ್ರ್ಯಾಪಿನ ಬಾಯಿಗೂ ಗೋಲಾಕ್ಕೂ ನೈಲಾನ್ ಜಾಲರಿಯ ಪಟ್ಟಿ ಒತ್ತಿದರೆ ಒಳ್ಳೆಯದು. ಇದು ಪೂರ್ತಿ ಗಟ್ಟಿಯಾದ ಮೇಲೆ, ಟೈಲು ಹಾಕುವ ಮುಂಚೆ, ಒಂದೆರಡು ದಿನ ನೀರು ನಿಲ್ಲಿಸಿ ನೋಡಬೇಕು. ಗೋಡೆಯ ಬುಡ ಕಲ್ಲಿನದಾಗಿರುವುದರಿಂದ ಈಗ ಭಯವಿಲ್ಲ. ಗುತ್ತಿಗೆಯ ಕೆಲಸದಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇದೊಂದೇ ಹಂತ, ಕೇಳಿ ಮಾಡಿಸಬೇಕಾದದ್ದೂ ಇದೇ. ಮನೆಯೊಳಗಿನ ನೀರಿನ ಜಾಗಗಳಿಗೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 13182 ಎಂಬ ಮಾರ್ಗಸೂಚಿಯಿದೆ.

ಟೈಲಿನ ಆಯ್ಕೆಯಲ್ಲಿ ಬಣ್ಣಕ್ಕಿಂತ ಮುಖ್ಯವಾದದ್ದು ಅದು ಹೀರುವ ನೀರು. ಗೋಡೆಗೆಂದು ಮಾಡಿದ ಸೆರಾಮಿಕ್ ಟೈಲು ತನ್ನ ತೂಕದ ಶೇ 10ಕ್ಕೂ ಹೆಚ್ಚು ನೀರು ಹೀರಬಲ್ಲದು, ವಿಟ್ರಿಫೈಡ್ ಟೈಲು ಹೀರುವುದು ಶೇ ಅರ್ಧಕ್ಕಿಂತ ಕಡಿಮೆ. ಉಳಿದ ಗೋಡೆ ಟೈಲನ್ನು ನೆಲಕ್ಕೆ ಹಾಕುವುದು ಉಳಿತಾಯವಲ್ಲ. ವಯಸ್ಸಾದವರಿರುವ ಮನೆಗೆ ಜಾರದ ಒರಟು ಮುಖದ ಟೈಲೇ ಬೇಕು. ಟೈಲಿನ ಹಿಂದೆ ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಇಟ್ಟು ಒತ್ತುವ ಅಭ್ಯಾಸ ಹಲವರಲ್ಲಿದೆ. ಹಾಗೆ ಹಾಕಿದರೆ ನಡುವೆ ಟೊಳ್ಳು ಉಳಿದು ಅಲ್ಲಿ ನೀರು ನಿಲ್ಲುತ್ತದೆ. ಗಾರೆಯನ್ನಾಗಲಿ ಅಂಟನ್ನಾಗಲಿ ಪೂರ್ತಿ ಹರಡಿಯೇ ಕೂರಿಸಬೇಕು. ಟೈಲಿಗೂ ಟೈಲಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಬಿಟ್ಟು ಗ್ರೌಟ್ ತುಂಬಬೇಕು. ನೆಲಕ್ಕೆ ಎಪಾಕ್ಸಿ ಗ್ರೌಟ್ ದುಬಾರಿ, ಆದರೆ ಬಾಳಿಕೆಯದು. ಹಳೆಯ ಕಲ್ಲುಚಪ್ಪಡಿ ಒಡೆಯದೆ ಉಳಿದಿದ್ದರೆ ಅದನ್ನೇ ತೊಳೆದು, ಹೊಸ ವಾರೆಯ ಮೇಲೆ ಮತ್ತೆ ಹಾಸಬಹುದು. ಯಾವ ಟೈಲಿಗೂ ಅದು ಸೋಲುವುದಿಲ್ಲ.

ಮಹಡಿಯ ಬಚ್ಚಲಿದ್ದರೆ ಕೆಲಸ ಇನ್ನೂ ಎಚ್ಚರದ್ದು. ಅಲ್ಲಿ ಸ್ಲ್ಯಾಬು ಒಂದಡಿಯಷ್ಟು ತಗ್ಗಿದ್ದು, ಆ ಗುಂಡಿಯಲ್ಲಿ ಪೈಪುಗಳಿರುತ್ತವೆ. ಸೋರಿದ ನೀರು ಆ ಗುಂಡಿಯಲ್ಲಿ ತುಂಬಿ ಕೆಳಗಿನ ಚಾವಣಿಯಲ್ಲಿ ಕಲೆಯಾಗಿ ಮೂಡುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟಿನ ಚಕ್ಕೆ ಬೀಳುತ್ತದೆ. ಕಬ್ಬಿಣ ಹೊರಗೆ ಕಂಡರೆ ಎಂಜಿನಿಯರ್ ನೋಡದೆ ಮೇಲೆ ಗಾರೆ ಮೆತ್ತಬಾರದು.

ಅಮೆರಿಕದಲ್ಲಿ ನೆಲೆಸಿದ ಇಲ್ಲಿನ ಮಕ್ಕಳ ಮನೆಗಳಲ್ಲಿ ಇದೇ ಕಾಯಿಲೆಗೆ ಮದ್ದು ಬೇರೆ. ಅಲ್ಲಿ ಗೋಡೆಯೆಂದರೆ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲದ ಮರದ ಕಂಬಗಳನ್ನು 16 ಇಂಚಿಗೊಂದರಂತೆ ನಿಲ್ಲಿಸಿ ಜಿಪ್ಸಮ್ ಹಲಗೆ ಹೊಡೆದದ್ದು, ನೆಲ ಪ್ಲೈವುಡ್ಡಿನದು. ನೆನೆದ ಹಲಗೆಯನ್ನು ಒಂದೆರಡು ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಹಲಗೆ ಕತ್ತರಿಸಿ ಎಸೆದು, ಕೊಳೆತ ಕಂಬದ ಪಕ್ಕಕ್ಕೆ ಹೊಸ ಕಂಬವನ್ನು ಬಿಗಿದು, ಜಿಪ್ಸಮ್ ಬದಲು ಸಿಮೆಂಟ್ ಹಲಗೆ ಹಾಕಿ ಮೇಲೆ ಜಲನಿರೋಧಕ ಹಚ್ಚುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಮರ ಬೇಗ ಹಾಳೂ ಆಗುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಈಗ ಸಿಗುವ ಜಿಪ್ಸಮ್ ಹಲಗೆಯನ್ನು ಊರ ಬಚ್ಚಲಿಗೆ ತಂದು ಹೊಡೆಯುವ ಉತ್ಸಾಹಕ್ಕೆ ಇದು ಎಚ್ಚರಿಕೆ.

ನೀರಿಗೂ ಗಾಳಿಗೂ ದಾರಿ

ಹೊಸ ಬಚ್ಚಲಿಗೆ ಮೇಲ್ಗಡೆ ಮುಚ್ಚಲಾಗದ ಗವಾಕ್ಷಿಯೊಂದು ಇರಲೇಬೇಕು. ತೇವ ಆರಲು ಮಾತ್ರವಲ್ಲ: ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣ ಹೋಗುತ್ತದೆ. ಗ್ಯಾಸ್ ಗೀಸರನ್ನು ಹೊರಗಿಟ್ಟು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರುವುದು ಸರಿಯಾದ ಕ್ರಮ.

ಹೊರಗೆ ಗೋಡೆಯ ಬುಡದಲ್ಲಿ ಎರಡು ಮೂರು ಅಡಿ ಅಗಲಕ್ಕೆ ಆಚೆ ವಾಲಿದ ಕಟ್ಟೆ ಹಾಕಿ ನೀರು ಪಾಯಕ್ಕೆ ಇಳಿಯದಂತೆ ಮಾಡಬೇಕು. ಮೀಯುವ ನೀರನ್ನು ಶೌಚದ ಗುಂಡಿಗೆ ಸೇರಿಸದೆ ಬೇರೆ ಪೈಪಿನಲ್ಲಿ ಒಂದು ಸಣ್ಣ ಚೇಂಬರಿಗೆ ಬಿಟ್ಟರೆ ಕೂದಲೂ ಸೋಪಿನ ಜಿಡ್ಡೂ ಅಲ್ಲಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ತೆಂಗಿನ ಪಾತಿ. ಫಲ ಕೊಡುವ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ದಿನಕ್ಕೆ 40ರಿಂದ 60 ಲೀಟರ್ ಬೇಕು. ಐದು ಜನ ಮಿಂದ ನೀರು ಎರಡು ಮೂರು ಮರಕ್ಕೆ ಸಾಲುತ್ತದೆ. ನೀರು ಬೊಡ್ಡೆಗೇ ತಾಗದೆ ಐದಾರು ಅಡಿ ದೂರದ ಪಾತಿಯ ಅಂಚಿಗೆ ಬೀಳಬೇಕು, ವಾರಕ್ಕೊಮ್ಮೆ ಮರ ಬದಲಿಸುತ್ತಿದ್ದರೆ ಸೋಪಿನ ಉಪ್ಪು ಒಂದೇ ಕಡೆ ಕಟ್ಟುವುದಿಲ್ಲ. ಪಾತಿ ಗೋಡೆಯಿಂದ ಹತ್ತಡಿಯಾದರೂ ಆಚೆ ಇರಲಿ. ತೆಂಗಿನ ಬೇರು ಅರಳಿ, ಆಲದ ಬೇರಿನಂತೆ ದಪ್ಪವಾಗಿ ಬೆಳೆದು ಗೋಡೆ ಸೀಳುವುದಿಲ್ಲ, ಆದರೆ ತೇವ ಹುಡುಕಿಕೊಂಡು ಪೈಪಿನ ಸಡಿಲ ಜಾಯಿಂಟಿನೊಳಗೆ ನುಗ್ಗಿ ನಾರಿನ ಉಂಡೆಯಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಜಾಯಿಂಟುಗಳನ್ನು ಸಾಲ್ವೆಂಟಿನಿಂದ ಅಂಟಿಸಿ ಹೂಳಬೇಕು, ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಚೇಂಬರಿನ ಮುಚ್ಚಳ ತೆಗೆದು ಜಿಡ್ಡು ಬಾಚಿ, ಒಂದು ಬಕೆಟ್ ನೀರು ಹೊಯ್ದು ಅದು ನಿಲ್ಲದೆ ಪಾತಿಗೆ ತಲುಪುತ್ತದೆಯೇ ಎಂದು ನೋಡಬೇಕು.